ಗೌರಿಯ ರಕ್ತದ ರಿಪೋರ್ಟ್ ಓದಿದ್ದು ನಾವೇ

ನಮ್ಮೂರಲ್ಲಿ ಯಾರ ಮನೆಗೆ ರಕ್ತದ ರಿಪೋರ್ಟ್ ಬಂದರೂ ಅದರ ಫೋಟೋ ಮೊದಲು ಬಂದು ಬೀಳುವುದು ನಮ್ಮ ವಾಟ್ಸಾಪ್‌ಗೆ. ಕೊರೊನಾ ಕಾಲದಲ್ಲಿ ಶುರುವಾದ ಅಭ್ಯಾಸ ಇದು. ಪೇಪರ್‌ಗೆ ಬರೆಯುವವರು, ಇಂಗ್ಲಿಷ್ ಬರುತ್ತೆ, ಇವರಿಗೆ ಗೊತ್ತಿರುತ್ತೆ ಅನ್ನುವುದು ಜನರ ಲೆಕ್ಕ. "ಅಣ್ಣ, ನಾರ್ಮಲಾ?" ಎಂದು ಒಂದು ಸಾಲು, ಕೆಳಗೆ ಫೋಟೋ. ನಾವು ಬಲಗಡೆಯ ಕಾಲಂ ನೋಡುತ್ತೇವೆ. ಮೇಲಕ್ಕೆ ಬಾಣ ಇದ್ದರೆ ಹೆಚ್ಚು, ಕೆಳಕ್ಕೆ ಇದ್ದರೆ ಕಮ್ಮಿ, ಬಾಣವೇ ಇಲ್ಲದಿದ್ದರೆ ನಾರ್ಮಲ್. ಇಷ್ಟೇ ನಮ್ಮ ವಿದ್ಯೆ. ಪತ್ರಿಕೋದ್ಯಮ ಡಿಪ್ಲೊಮಾದಲ್ಲಿ ಇದರ ಪಾಠವೇನೂ ಇರಲಿಲ್ಲ.

(ವರದಿ ಬರೆದು ಬರೆದು 'ನಾನು' ಅನ್ನುವುದು ಕೈಗೆ ಬರುವುದೇ ಇಲ್ಲ. ಈ ಬರಹದಲ್ಲಿ 'ನಾವು' ಎಂದಿರುವ ಕಡೆಯೆಲ್ಲ ತಪ್ಪು ಒಬ್ಬರದೇ ಎಂದು ಓದಿಕೊಳ್ಳಿ. ಅಮ್ಮನದಂತೂ ಅಲ್ಲ.)

ಗೌರಿ ನಮ್ಮ ಮನೆಯ ಎಚ್‌ಎಫ್ ಮಿಶ್ರತಳಿ ಹಸು. ಸಂಘದ ಸಾಲದಲ್ಲಿ ತಂದದ್ದು. ಎರಡನೇ ಸಲ ಕರು ಹಾಕಿ ನಾಲ್ಕನೇ ದಿನ ಬೆಳಿಗ್ಗೆ ಹಿಂಡಿ ಮುಟ್ಟಲಿಲ್ಲ. ಮೆಲುಕು ಹಾಕುತ್ತಿರಲಿಲ್ಲ. ಹಾಲು ಅರ್ಧಕ್ಕರ್ಧ ಇಳಿದಿತ್ತು. ದನದ ಡಾಕ್ಟ್ರು ಬಂದರು, ಥರ್ಮಾಮೀಟರ್ ಇಟ್ಟರು, 105.2 ಡಿಗ್ರಿ. ಹಸುವಿಗೆ ಸಾಮಾನ್ಯವಾಗಿ 101.5ರ ಆಸುಪಾಸು ಇರಬೇಕು. ಕೆಚ್ಚಲು ಸ್ವಲ್ಪ ಬಿಸಿ ಅನ್ನಿಸಿತು, ಆದರೆ ಹಾಲು ನೋಡಲು ಸರಿಯಾಗೇ ಇತ್ತು. ಆ ತಿಂಗಳು ಪಕ್ಕದ ಊರುಗಳಲ್ಲಿ ಉಣ್ಣೆಯಿಂದ ಬರುವ ಥೈಲೇರಿಯಾ ಜ್ವರ ಓಡಾಡುತ್ತಿತ್ತು. ಡಾಕ್ಟ್ರು ಗೌರಿಯ ಕತ್ತಿನ ಬುಡದ, ಭುಜದ ಮುಂದಿನ ಗಂಟು ಒತ್ತಿ ನೋಡಿದರು. ಅದು ಊದಿರಲಿಲ್ಲ. ಆದರೂ ಒಂದು ಅನುಮಾನ ಉಳಿಯಬಾರದು ಎಂದು ಕತ್ತಿನ ನರದಿಂದ ರಕ್ತ ತೆಗೆದರು. ಒಂದು ಹನಿ ಗಾಜಿನ ಸ್ಲೈಡ್ ಮೇಲೆ ಎಳೆದು ಒಣಗಿಸಿಕೊಂಡರು. ಉಳಿದದ್ದನ್ನು ನೇರಳೆ ಮುಚ್ಚಳದ ಟ್ಯೂಬಿಗೆ ಹಾಕಿ, ಹೆಪ್ಪುಗಟ್ಟದ ಹಾಗೆ ನಿಧಾನಕ್ಕೆ ಮೇಲೆ ಕೆಳಗೆ ಮಾಡಿ ನಮ್ಮ ಕೈಗೆ ಕೊಟ್ಟರು.

"ನಮ್ಮಲ್ಲಿ ಕೌಂಟ್ ಮಾಡೋ ಮೆಷಿನ್ ಇಲ್ಲ. ನೀವು ಟೌನಿಗೆ ಹೋಗ್ತೀರಲ್ಲ, ಯಾವುದಾದ್ರೂ ಲ್ಯಾಬಲ್ಲಿ ಸಿಬಿಸಿ ಮಾಡ್ಸಿ. ರಿಪೋರ್ಟ್ ಬಂದ ತಕ್ಷಣ ಫೋಟೋ ಹಾಕಿ. ಸಂಜೆ ಹಾಲು ಕರೆಯೋವಾಗ ನಾಲ್ಕೂ ತೊಟ್ಟಿನ ಮೊದಲ ಹಾಲು ಬೇರೆ ಬೇರೆ ನೋಡಿ" ಎಂದರು. ಜ್ವರಕ್ಕೆ ಇಂಜೆಕ್ಷನ್ ಕೊಟ್ಟು ಲಸಿಕೆ ಹಾಕಲು ಬೇರೆ ಊರಿಗೆ ಹೊರಟರು.

ಟ್ಯೂಬ್ ಅಂಗಿ ಜೇಬಿನಲ್ಲಿ ಇಟ್ಟುಕೊಂಡು ಹೋದೆವು. ಬೈಕಿನ ಬಾಕ್ಸಿನಲ್ಲಿ ಬಿಸಿಲಿಗೆ ಕಾಯಿಸಬಾರದು ಅನ್ನುವಷ್ಟು ಬುದ್ಧಿ ಆದರೂ ಇತ್ತು. ಟೌನಿನ ಲ್ಯಾಬ್ ಮನುಷ್ಯರದು. ಹುಡುಗ ಹೆಸರು ಕೇಳಿದ, ಗೌರಿ ಎಂದೆವು. ವಯಸ್ಸು ಕೇಳಿದ, ಐದು ಎಂದೆವು. ಹಸು ಎಂದು ಹೇಳಿದ ಮೇಲೂ ಅವನ ಕಂಪ್ಯೂಟರಿನಲ್ಲಿ ಹಸುವಿಗೆ ಬೇರೆ ಕಾಲಂ ಇರಲಿಲ್ಲ. ಹೀಗಾಗಿ ಐದು ವರ್ಷದ ಹೆಣ್ಣುಮಗುವಿನ ಹೆಸರಿನಲ್ಲಿ ರಿಪೋರ್ಟ್ ಬಂತು.

ಆಗ ಮಧ್ಯಾಹ್ನ ಒಂದೂವರೆ. ನಮಗೆ ಅಂದು ಟೌನ್ ಹಾಲಿನಲ್ಲಿ ಕಾರ್ಯಕ್ರಮ ಇತ್ತು, ನಾಲ್ಕು ಗಂಟೆಗೆ ಸುದ್ದಿ ಕಳಿಸಬೇಕಿತ್ತು. ನಿಂತಲ್ಲೇ ರಿಪೋರ್ಟ್ ನೋಡಿದೆವು. ಒಟ್ಟು ಬಿಳಿ ರಕ್ತಕಣ ಒಂದು ಮೈಕ್ರೋಲೀಟರಿಗೆ 4,300. ಪಕ್ಕದಲ್ಲಿ ಅಚ್ಚಾಗಿದ್ದದ್ದು 4,000ದಿಂದ 11,000. ಬಾಣ ಇಲ್ಲ. ಕೆಳಗೆ ಲಿಂಫೋಸೈಟ್ ಶೇ 76, ಪಕ್ಕದಲ್ಲಿ 20ರಿಂದ 40 ಎಂದಿತ್ತು, ಮೇಲಕ್ಕೆ ಬಾಣ. ಲಿಂಫೋಸೈಟ್ ಜಾಸ್ತಿ ಆದರೆ ಏನು ಎಂದು ಮೊಬೈಲಿನಲ್ಲಿ ಹುಡುಕಿದೆವು. ವೈರಲ್ ಸೋಂಕು ಇರಬಹುದು ಎಂದು ಬಂತು. ಮನಸ್ಸಿಗೆ ಸಮಾಧಾನ ಆಯಿತು. ವೈರಲ್ ಜ್ವರ ಎಂದರೆ ಎರಡು ದಿನದಲ್ಲಿ ತಾನೇ ಹೋಗುವಂಥದ್ದು ಎಂದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ.

ಫೋಟೋ ಹಾಕಲಿಲ್ಲ. ಟೈಪ್ ಮಾಡಿದೆವು: "ಕೌಂಟ್ 4,300. ನಾರ್ಮಲ್ ಸರ್."

ಡಾಕ್ಟ್ರು ಐದು ನಿಮಿಷಕ್ಕೆ "ಡಿಫರೆನ್ಷಿಯಲ್ ಕಳಿಸಿ, ಪೂರ್ತಿ ಫೋಟೋ ಹಾಕಿ" ಎಂದು ಬರೆದಿದ್ದರು. ನಾವು ಫೋನ್ ಸೈಲೆಂಟಿಗೆ ಹಾಕಿ ಭಾಷಣ ಬರೆದುಕೊಳ್ಳುತ್ತಿದ್ದೆವು.

ಸಂಜೆ ಆರೂವರೆಗೆ ಅಮ್ಮ ಫೋನ್ ಮಾಡಿದರು. "ಹಿಂದಿನ ಎಡ ತೊಟ್ಟು ಕಲ್ಲಾಗಿದೆ ಕಣೋ. ಹಾಲು ಬರ್ತಿಲ್ಲ, ಮಜ್ಜಿಗೆ ಒಡೆದ ನೀರಿನ ಥರ ಬರ್ತಾ ಇದೆ. ಕಿವಿ ತಣ್ಣಗಾಗಿದೆ."

ಕಿವಿ ತಣ್ಣಗಿದೆ ಎಂದರೆ ಇಂಜೆಕ್ಷನ್‌ಗೆ ಜ್ವರ ಇಳಿದಿದೆ ಎಂದು ನಾವು ಅರ್ಥ ಮಾಡಿಕೊಂಡೆವು. "ರಿಪೋರ್ಟ್ ನಾರ್ಮಲ್ ಬಂದಿದೆ ಅಮ್ಮ, ವೈರಲ್ ಅಂತೆ. ಕೆಚ್ಚಲಿಗೆ ಬಿಸಿನೀರಿನ ಶಾಖ ಕೊಡಿ, ಬೆಳಿಗ್ಗೆ ಡಾಕ್ಟ್ರನ್ನ ಕರೆಸೋಣ."

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನೋಡಿದ್ರೆ ಹಂಗೆ ಕಾಣಲ್ಲ" ಎಂದರು. ಆಮೇಲೆ "ರಿಪೋರ್ಟಲ್ಲೇ ಬಂದಿದ್ರೆ ಸರಿ ಬಿಡು" ಎಂದು ಫೋನ್ ಇಟ್ಟರು. ಮೂವತ್ತು ವರ್ಷ ಹಸು ಸಾಕಿದ ಹೆಂಗಸು ತನ್ನ ಕಣ್ಣು ನಂಬದೆ ನಮ್ಮ ಕಾಗದ ನಂಬಿದರು. ಈಗ ಇದನ್ನು ಬರೆಯುವಾಗಲೂ ನಮಗೆ ಚುಚ್ಚುವ ಮಾತು ಅದೇ. ಪಶು ಸಂಜೀವಿನಿಯ 1962ಕ್ಕೆ ಒಂದು ಕರೆ ಮಾಡುವ ಯೋಚನೆಯೂ ಬರಲಿಲ್ಲ. ರಿಪೋರ್ಟ್ ನಾರ್ಮಲ್ ಇದೆಯಲ್ಲ.

ಮನೆ ಸೇರಿದಾಗ ರಾತ್ರಿ ಹತ್ತು. ಗೌರಿ ಮಲಗಿಬಿಟ್ಟಿದ್ದಳು, ತಲೆಯನ್ನು ಪಕ್ಕೆಗೆ ತಿರುಗಿಸಿಕೊಂಡು. ಕಣ್ಣು ಒಳಕ್ಕೆ ಹೋಗಿತ್ತು. ಆಗ ಮೆಸೇಜ್ ನೋಡಿ ಫೋಟೋ ಹಾಕಿದೆವು. ಅರ್ಧ ನಿಮಿಷಕ್ಕೆ ಡಾಕ್ಟ್ರ ಕರೆ. "ಇದನ್ನ ನಾರ್ಮಲ್ ಅಂದ್ರಾ? ಕೆಚ್ಚಲು ಹೇಗಿದೆ?" ಹೇಳಿದೆವು. "ಹೊರಟೆ" ಎಂದರು. ಲಸಿಕೆ ಮುಗಿಸಿ ಬಂದು ಅವರು ಅದೇ ತಾನೇ ಬೆಳಗಿನ ಸ್ಲೈಡಿಗೆ ಬಣ್ಣ ಹಾಕಿ ನೋಡಿ ಮುಗಿಸಿದ್ದರಂತೆ.

ಹನ್ನೊಂದೂವರೆಗೆ ಬಂದರು. ಜ್ವರ ನೋಡಿದರೆ 99.8. ಇಳಿದಿದ್ದಲ್ಲ, ಬಿದ್ದುಹೋಗಿದ್ದು. ಕೆಚ್ಚಲಿನಲ್ಲಿ ಬೆಳೆದ ಬ್ಯಾಕ್ಟೀರಿಯಾದ ವಿಷ ಮೈಗೆಲ್ಲ ಏರಿತ್ತು. ಡ್ರಿಪ್ ಹಾಕಿದರು, ಕ್ಯಾಲ್ಸಿಯಂ ಕೊಟ್ಟರು, ಬಾವಿಗೆ ಮತ್ತು ಸೋಂಕಿಗೆ ಇಂಜೆಕ್ಷನ್ ಕೊಟ್ಟರು. ಆ ತೊಟ್ಟಿನಿಂದ ಗಂಟೆಗೊಮ್ಮೆ ಎರಡು ಗಂಟೆಗೊಮ್ಮೆ ಕೆಟ್ಟ ನೀರನ್ನು ಹಿಂಡಿ ತೆಗೆಯುತ್ತಲೇ ಇರಬೇಕು ಎಂದರು. ಅಮ್ಮ ಕೂತರು. ನಾವು ಟಾರ್ಚ್ ಹಿಡಿದೆವು. ನಮ್ಮ ಹೆಂಡತಿ ಬಕೆಟ್ ಬಕೆಟ್ ಬೆಚ್ಚಗಿನ ನೀರು ತಂದಳು.

ಡ್ರಿಪ್ ಇಳಿಯುವ ತನಕ ಡಾಕ್ಟ್ರಿಗೆ ಬೇರೆ ಕೆಲಸ ಇರಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ರಿಪೋರ್ಟ್ ಕೇಳಿ ತೆಗೆದುಕೊಂಡು ಹಿಂದೆ ಪೆನ್ನಿನಲ್ಲಿ ಬರೆಯುತ್ತ ಹೇಳಿದರು.

"ನೀವು ಹೇಳಿದ್ದು ಸುಳ್ಳಲ್ಲ. ಹಸುವಿನ ಲೆಕ್ಕದಲ್ಲೂ 4,000ದಿಂದ 12,000 ನಾರ್ಮಲ್ಲೇ. ಆದ್ರೆ 105 ಜ್ವರ ಇರೋ ಹಸುವಿಗೆ, ಕರು ಹಾಕಿ ನಾಲ್ಕೇ ದಿನ ಆಗಿರೋ ಹಸುವಿಗೆ, 4,300 ಯಾಕಿದೆ ಅಂತ ಕೇಳ್ಬೇಕಿತ್ತು."

ಜ್ವರ ಇದ್ದರೆ ಬಿಳಿ ಕಣ ಏರಬೇಕಲ್ಲ, ಏರದಿದ್ದರೆ ಸೋಂಕು ಇಲ್ಲ ಅಂತಲ್ಲವೇ ಎಂದು ಕೇಳಿದೆವು.

"ನಾಯಿಗಾದ್ರೆ ಆ ಮಾತು ಬಹಳ ಮಟ್ಟಿಗೆ ಸರಿ" ಎಂದರು. ನಾಯಿಯ ಮೂಳೆಯೊಳಗಿನ ಮಜ್ಜೆಯಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳ ದೊಡ್ಡ ದಾಸ್ತಾನು ಇರುತ್ತದೆ. ಸೋಂಕು ತಗುಲಿದ ಕೂಡಲೇ ಅಲ್ಲಿಂದ ಧಾರಾಳವಾಗಿ ಬಿಡುತ್ತದೆ. ಗರ್ಭಕೋಶದಲ್ಲಿ ಕೀವು ತುಂಬಿದ ಹೆಣ್ಣುನಾಯಿಗೆ ಕೌಂಟ್ ಮೂವತ್ತು ನಲವತ್ತು ಸಾವಿರ ದಾಟುವುದೂ ಉಂಟು. ಹಸುವಿನ ದಾಸ್ತಾನು ಚಿಕ್ಕದು. ನ್ಯೂಟ್ರೋಫಿಲ್‌ಗಳೇ ಮೊದಲು ಓಡಿ ಹೋಗಿ ಬ್ಯಾಕ್ಟೀರಿಯಾ ನುಂಗುವ ಕಣಗಳು. ಕೆಚ್ಚಲಿಗೋ ಗರ್ಭಕೋಶಕ್ಕೋ ಜೋರು ಸೋಂಕು ಬಿದ್ದರೆ ರಕ್ತದಲ್ಲಿ ಇದ್ದವೆಲ್ಲ ಅಲ್ಲಿಗೆ ಹೋಗಿಬಿಡುತ್ತವೆ, ಮಜ್ಜೆಯಿಂದ ಹೊಸದು ಬರಲು ದಿನಗಳು ಬೇಕು. ಹೀಗಾಗಿ ಮೊದಲ ಒಂದೆರಡು ದಿನ ಹಸುವಿನ ಕೌಂಟ್ ಏರುವ ಬದಲು ಇಳಿಯುತ್ತದೆ.

ಅಮ್ಮ ಹಿಂಡುತ್ತಲೇ ಕೇಳಿಸಿಕೊಳ್ಳುತ್ತಿದ್ದರು. "ನಾಯಿ ಮನೇಲಿ ಹಗೇವು ತುಂಬ ರಾಗಿ, ಹಸು ಮನೇಲಿ ಒಂದು ಗುಡಾಣ. ಹಂಗಾ?" ಎಂದರು. ಡಾಕ್ಟ್ರು ನಕ್ಕು, ನಲವತ್ತು ಹುಡುಗರ ಕ್ಲಾಸಿನಲ್ಲಿ ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ ಎಂದರು.

ಗುಡಾಣವೂ ಬರಿದಾದರೆ ಏನು ಮಾಡುತ್ತಾರೆ? ಹೊಲದಲ್ಲಿ ಹಾಲುಗಾಳು ಇರುವ ತೆನೆಯನ್ನೇ ಕೊಯ್ದು ತರುತ್ತಾರೆ. ಗೌರಿಯ ಮೈಯೂ ಅದನ್ನೇ ಮಾಡಿತ್ತು. ಬಲಿತ ನ್ಯೂಟ್ರೋಫಿಲ್‌ನ ನಡುವಿನ ಬೀಜ ಮಣಿ ಪೋಣಿಸಿದ ಹಾಗೆ ತುಂಡು ತುಂಡಾಗಿ ಕಾಣುತ್ತದೆ. ಎಳೆಯದರ ಬೀಜ ಕುದುರೆ ಲಾಳದ ಹಾಗೆ ಬಾಗಿ ಇರುತ್ತದೆ, ಅದನ್ನು ಬ್ಯಾಂಡ್ ಎನ್ನುತ್ತಾರೆ. ಆರೋಗ್ಯವಾಗಿರುವ ಹಸುವಿನ ರಕ್ತದಲ್ಲಿ ಬ್ಯಾಂಡ್ ಸಿಗುವುದೇ ಅಪರೂಪ. ಡಾಕ್ಟ್ರು ಸ್ಲೈಡಿನಲ್ಲಿ ನೂರು ಬಿಳಿ ಕಣ ಎಣಿಸಿದ್ದರು. ಬಲಿತ ನ್ಯೂಟ್ರೋಫಿಲ್ 6, ಬ್ಯಾಂಡ್ 17, ಲಿಂಫೋಸೈಟ್ 72, ಮಾನೋಸೈಟ್ 5. ಥೈಲೇರಿಯಾ ಇರಲಿಲ್ಲ. ಇಯೋಸಿನೋಫಿಲ್ ಒಂದೂ ಇರಲಿಲ್ಲ.

"ಬಲಿತದ್ದಕ್ಕಿಂತ ಎಳೇದು ಜಾಸ್ತಿ ಇದೆ ನೋಡಿ. ಕೌಂಟ್ ಕಮ್ಮಿ ಇದ್ದು ಹೀಗೆ ಕಂಡ್ರೆ ನಾವು ರಾತ್ರಿ ನಿದ್ದೆ ಮಾಡಲ್ಲ" ಎಂದರು.

ಆಮೇಲೆ ಕಾಗದದ ಹಿಂದೆ ಗುಣಾಕಾರ ಮಾಡಿ ತೋರಿಸಿದರು. 4,300ರಲ್ಲಿ ಶೇ 6 ಎಂದರೆ 258. ಹಸುವಿಗೆ ಬಲಿತ ನ್ಯೂಟ್ರೋಫಿಲ್ ಕಡಿಮೆ ಎಂದರೂ 600 ಇರಬೇಕು. ಶೇ 17 ಎಂದರೆ 731 ಬ್ಯಾಂಡ್. ಶೇ 72 ಎಂದರೆ 3,096 ಲಿಂಫೋಸೈಟ್, ಹಸುವಿಗೆ ಇದು ಸರಿಯಾಗೇ ಇದೆ. ಅಂದರೆ ಲಿಂಫೋಸೈಟ್ ಹೆಚ್ಚಾಗಿರಲೇ ಇಲ್ಲ. ನ್ಯೂಟ್ರೋಫಿಲ್ ಖಾಲಿಯಾಗಿ ಉಳಿದದ್ದರ ಪಾಲು ದೊಡ್ಡದಾಗಿ ಕಂಡಿತ್ತು, ಅಷ್ಟೇ. ಅದೂ ಅಲ್ಲದೆ ಮನುಷ್ಯರಲ್ಲಿ, ನಾಯಿಯಲ್ಲಿ ನ್ಯೂಟ್ರೋಫಿಲ್ ಹೆಚ್ಚು, ದನದಲ್ಲಿ ಲಿಂಫೋಸೈಟ್ ಹೆಚ್ಚು. ಚೆನ್ನಾಗಿರುವ ಹಸುವಿಗೂ ಲಿಂಫೋಸೈಟ್ ಶೇ 45ರಿಂದ 75 ಇರುತ್ತದೆ. ಮನುಷ್ಯರ ಕಾಲಂ ಇಟ್ಟುಕೊಂಡ ಕಂಪ್ಯೂಟರ್ ಊರಿನ ಎಲ್ಲ ಹಸುವಿನ ಲಿಂಫೋಸೈಟಿಗೂ ಮೇಲಕ್ಕೆ ಬಾಣ ಹಾಕುತ್ತದೆ.

ನಾವು ಬಾಣ ಇದ್ದ ಕಡೆ ನೋಡಿದ್ದೆವು. ಅಲ್ಲಿ ಏನೂ ಇರಲಿಲ್ಲ.

ಲ್ಯಾಬಿನ ಹುಡುಗನ ತಪ್ಪಲ್ಲ ಎಂದರು ಡಾಕ್ಟ್ರು. ಒಟ್ಟು ಸಂಖ್ಯೆಯನ್ನು ಆ ಮೆಷಿನ್ ಹೆಚ್ಚುಕಮ್ಮಿ ಸರಿಯಾಗಿಯೇ ಎಣಿಸಿದೆ. ವಿಂಗಡಿಸುವಾಗ ಅದಕ್ಕೆ ಮನುಷ್ಯರ ಕಣಗಳ ಅಳತೆಯೇ ಗೊತ್ತಿರುವುದು. ಬ್ಯಾಂಡ್ ಅದಕ್ಕೆ ಕಾಣಲೇ ಇಲ್ಲ. ಕೋಳಿಯ ರಕ್ತ ಕೊಟ್ಟಿದ್ದರಂತೂ ಲೆಕ್ಕವೇ ತಲೆಕೆಳಗು. ಕೋಳಿಯ ಕೆಂಪು ಕಣಕ್ಕೂ ನಡುವೆ ಬೀಜ ಇರುವುದರಿಂದ ಮೆಷಿನ್ ಅದನ್ನೂ ಬಿಳಿ ಕಣ ಎಂದು ಎಣಿಸಿಬಿಡಬಹುದು. ಹೀಗಾಗಿ ಕೊನೆಗೆ ಗಾಜಿನ ಸ್ಲೈಡ್ ಮೇಲೆ ಕಣ್ಣಿಟ್ಟು ಎಣಿಸುವುದೇ ಗತಿ. ರಕ್ತ ತೆಗೆದ ಕೂಡಲೇ ಎಳೆದ ಸ್ಲೈಡ್ ಆಗಿರಬೇಕು, ಟ್ಯೂಬಿನಲ್ಲಿ ಅರ್ಧ ದಿನ ನಿಂತ ರಕ್ತದ ಕಣಗಳು ಆಕಾರ ಕೆಡುತ್ತವೆ.

ನಡುವೆ ನಾವು ಒಂದು ಪ್ರಶ್ನೆ ಕೇಳಿದೆವು, ಸ್ವಲ್ಪ ನಮ್ಮ ತಪ್ಪು ಮುಚ್ಚಿಕೊಳ್ಳುವ ಆಸೆಯಿಂದ. ಹಾಗಾದರೆ ಕೌಂಟ್ ಏರಿದರೆ ಸೋಂಕು ಅಂತಲೂ ಖಾತರಿ ಇಲ್ಲವೇ? ಇಲ್ಲ ಎಂದರು. ಹಸುವನ್ನು ಲಾರಿಯಲ್ಲಿ ದೂರ ತಂದರೂ, ಕರು ಹಾಕುವ ದಿನವೂ, ಗಾಬರಿಗೂ ನ್ಯೂಟ್ರೋಫಿಲ್ ಏರುತ್ತದೆ. ಆಯಾಸದ ಹಾರ್ಮೋನಿಗೆ ಇಯೋಸಿನೋಫಿಲ್ ಮಾಯವಾಗುತ್ತದೆ. ಜಂತುಹುಳು ಇದ್ದರೆ ಇಯೋಸಿನೋಫಿಲ್ ಹೆಚ್ಚಾಗಬಹುದು. ಮೊಳೆ, ತಂತಿ ನುಂಗಿ ಅದು ಹೊಟ್ಟೆಯ ಗೋಡೆಗೆ ಚುಚ್ಚಿಕೊಂಡ ಹಸುವಿನಲ್ಲಿ ನ್ಯೂಟ್ರೋಫಿಲ್ ಲಿಂಫೋಸೈಟನ್ನೂ ಮೀರಿ ಹೋಗುತ್ತದೆ. ಒಂದೇ ಸಂಖ್ಯೆಗೆ ಹತ್ತು ಕತೆ. ಯಾವ ಕತೆ ಎಂದು ತಿಳಿಯಲು ಹಸುವಿನ ಮುಂದೆ ನಿಲ್ಲಬೇಕು.

"ಅಮ್ಮ ಸಂಜೆ ಕೆಚ್ಚಲು ಮುಟ್ಟಿ ಹೇಳಿದ್ರಲ್ಲ, ಅದೇ ರಿಪೋರ್ಟು. ಈ ಕಾಗದ ಅದರ ಜೊತೆಗೆ ಇಟ್ಟು ಓದೋದಕ್ಕೆ" ಎಂದರು. ಅಮ್ಮ ನಮ್ಮ ಕಡೆ ನೋಡಲಿಲ್ಲ. ನೋಡದೇ ಇದ್ದದ್ದು ಅವರ ದೊಡ್ಡತನ.

ಬೆಳಗಿನ ಜಾವ ನಾಲ್ಕಕ್ಕೆ ಗೌರಿ ಎದ್ದು ನಿಂತಳು. ನೀರು ಕುಡಿದಳು. ಮೆಲುಕು ಹಾಕಿದ್ದು ಎರಡು ದಿನದ ಮೇಲೆ.

ಐದನೇ ದಿನ ಇನ್ನೊಂದು ಸಲ ಕೌಂಟ್ ಮಾಡಿಸಿದೆವು. 16,800. ಮೇಲಕ್ಕೆ ದೊಡ್ಡ ಬಾಣ, ಪಕ್ಕದಲ್ಲಿ ಸ್ಟಾರ್ ಬೇರೆ. ಎದೆ ಧಸಕ್ಕೆಂದಿತು. ಈ ಸಲ ಒಂದಕ್ಷರ ಬರೆಯದೆ ಕಾಗದದ ಮುಂದೆ ಹಿಂದೆ ಎರಡೂ ಫೋಟೋ ಹಾಕಿದೆವು. ಡಾಕ್ಟ್ರಿಂದ ಬಂದದ್ದು: "ಒಳ್ಳೇದಾಯ್ತು." ಸಂಜೆ ಬಂದು ಹೊಸ ಸ್ಲೈಡ್ ನೋಡಿದರು, ಬಲಿತ ಕಣಗಳೇ ಹೆಚ್ಚು, ಬ್ಯಾಂಡ್ ಕೈಬೆರಳಿನಲ್ಲಿ ಎಣಿಸುವಷ್ಟು. ಮಜ್ಜೆ ಮತ್ತೆ ಕೆಲಸ ಶುರು ಮಾಡಿದೆ, ಗುಡಾಣ ತುಂಬಿ ಉಕ್ಕಿದೆ. ಇದೇ ಹದಿನಾರು ಸಾವಿರ ತಿಂಗಳುಗಟ್ಟಲೆ ಹಾಗೇ ನಿಂತರೆ ಮಾತ್ರ ಒಳಗೆ ಎಲ್ಲೋ ಕೀವು ಕಟ್ಟಿದೆಯೇ ಎಂದು ಹುಡುಕಬೇಕು ಎಂದರು. 4,300ಕ್ಕೆ ಸಮಾಧಾನಪಟ್ಟವರು 16,800ಕ್ಕೆ ಗಾಬರಿಯಾಗಿದ್ದೆವು. ಎರಡೂ ಉಲ್ಟಾ.

ಹಿಂದಿನ ಎಡ ತೊಟ್ಟು ಉಳಿಯಲಿಲ್ಲ. ಸಂಜೆ ಆರೂವರೆಗೇ ಚಿಕಿತ್ಸೆ ಶುರುವಾಗಿದ್ದರೆ ಉಳಿಯುತ್ತಿತ್ತೇ ಎಂದು ಡಾಕ್ಟ್ರನ್ನು ಒಮ್ಮೆ ಕೇಳಿದೆವು. "ಉಳೀತಿತ್ತು ಅಂತ ಹೇಳಕ್ಕಾಗಲ್ಲ, ಉಳೀತಿರಲಿಲ್ಲ ಅಂತಾನೂ ಹೇಳಕ್ಕಾಗಲ್ಲ" ಎಂದರು. ಈ ಸಾಲು ನಮ್ಮ ಜೊತೆಗೇ ಇದೆ. ಹೊತ್ತಿಗೆ ಒಂಬತ್ತು ಲೀಟರ್ ಕೊಡುತ್ತಿದ್ದವಳು ಈಗ ಆರರ ಮೇಲೆ ಹೋಗುವುದಿಲ್ಲ. ಸಾಲದ ಕಂತು ಮಾತ್ರ ನಾಲ್ಕು ತೊಟ್ಟಿನ ಲೆಕ್ಕದ್ದೇ. ಇಂಜೆಕ್ಷನ್ ನಡೆದ ದಿನಗಳ ಹಾಲನ್ನು, ಡಾಕ್ಟ್ರು ಹೇಳಿದ ಅವಧಿ ಮುಗಿಯುವವರೆಗೆ, ಅಮ್ಮ ಡೈರಿಗೆ ಹಾಕದೆ ತೆಂಗಿನ ಬುಡಕ್ಕೆ ಸುರಿದರು. ನೋಡಿದವರು ಹಾಲು ಚೆಲ್ಲುತ್ತೀರಲ್ಲ ಎಂದು ಬೈದು ಹೋದರು.

ಹಾಲಿನ ಮಾತು ಬಂತು ಎಂದು ಇದನ್ನೂ ಹೇಳಬೇಕು. ಬಿಳಿ ರಕ್ತಕಣ ಹಾಲಿನಲ್ಲೂ ಇರುತ್ತದೆ ಎಂಬುದು ನಮಗೆ ಗೊತ್ತೇ ಇರಲಿಲ್ಲ. ಆರೋಗ್ಯವಾಗಿರುವ ಕೆಚ್ಚಲಿನ ಹಾಲಿನಲ್ಲಿ ಮಿಲಿಲೀಟರಿಗೆ ಎರಡು ಲಕ್ಷದ ಒಳಗೆ ಕಣಗಳಿರುತ್ತವೆ. ಅದಕ್ಕಿಂತ ಮೇಲೆ ಹೋದರೆ ಕಣ್ಣಿಗೆ ಕಾಣದ ಕೆಚ್ಚಲು ಬಾವು ಇರಬಹುದು. ನಾಲ್ಕು ಗುಳಿಯ ಪ್ಲಾಸ್ಟಿಕ್ ತಟ್ಟೆಯಲ್ಲಿ ಒಂದೊಂದು ತೊಟ್ಟಿನ ಹಾಲು ಹಿಂಡಿ, ಔಷಧ ಹಾಕಿ ಅಲ್ಲಾಡಿಸಿದರೆ ಕಣ ಹೆಚ್ಚಿರುವ ಹಾಲು ಲೋಳೆಯಾಗುತ್ತದೆ. ಟೌನಿಗೆ ಹೋಗಬೇಕಿಲ್ಲ, ಕೊಟ್ಟಿಗೆಯಲ್ಲೇ ಆಗುವ ಬಿಳಿ ಕಣದ ಪರೀಕ್ಷೆ. ಅಮ್ಮ ಈಗ ಹದಿನೈದು ದಿನಕ್ಕೊಮ್ಮೆ ಮಾಡುತ್ತಾರೆ. ತಟ್ಟೆ ಓದುವುದು ಅವರೇ, ನಮ್ಮನ್ನು ಕೇಳುವುದಿಲ್ಲ.

ಫೋಟೋಗಳು ಈಗಲೂ ಬರುತ್ತವೆ. ಹೋದ ವಾರ ಮೇಲಿನ ಬೀದಿಯ ಹುಡುಗ ಮೂರು ತಿಂಗಳ ನಾಯಿಮರಿಯ ರಿಪೋರ್ಟ್ ಕಳಿಸಿದ. ಕೌಂಟ್ 1,900, ಕೆಳಕ್ಕೆ ಬಾಣ. "ಅಣ್ಣ, ಕಮ್ಮಿ ಇದೆ, ಇನ್ಫೆಕ್ಷನ್ ಇಲ್ಲ ಅಲ್ವಾ?" ಎಂದು ಕೇಳಿದ್ದ. ವಾಂತಿ ಇದೆಯಾ ಎಂದು ಕೇಳಿದೆವು. ವಾಂತಿ, ರಕ್ತ ಭೇದಿ ಎರಡೂ ಇತ್ತು. ಲಸಿಕೆ ಹಾಕಿಸಿರಲಿಲ್ಲ. ಪಾರ್ವೋ ವೈರಸ್ ಕರುಳನ್ನೂ ಮಜ್ಜೆಯನ್ನೂ ಒಟ್ಟಿಗೆ ಹೊಡೆಯುತ್ತದೆ ಎಂದು ಡಾಕ್ಟ್ರು ಆ ರಾತ್ರಿಯೇ ಹೇಳಿದ್ದರು. ನಾವು ಅದನ್ನು ಅವನಿಗೆ ಹೇಳಲಿಲ್ಲ. ಫೋಟೋ ಇದ್ದ ಹಾಗೇ ಡಾಕ್ಟ್ರಿಗೆ ಕಳಿಸಿ, ಹುಡುಗನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಮರಿಯನ್ನು ಗೋಣಿಚೀಲದಲ್ಲಿ ಸುತ್ತಿ ಆಸ್ಪತ್ರೆಗೆ ಹೋದೆವು. ಮೂರು ದಿನದಿಂದ ಡ್ರಿಪ್ ನಡೆದಿದೆ. ನಿನ್ನೆ ಬಾಲ ಅಲ್ಲಾಡಿಸಿತಂತೆ.

ಗೌರಿ ಮತ್ತೆ ಗಬ್ಬವಾಗಿದ್ದಾಳೆ. ಅಮ್ಮ ಹಾಲು ಕರೆಯುವ ಮುಂಚೆ ಬಿಸಿನೀರಿನ ಬಟ್ಟೆಯಲ್ಲಿ ಕೆಚ್ಚಲು ಒರೆಸುವಾಗ ಆ ಒಣಗಿದ ತೊಟ್ಟನ್ನೂ ಬಿಡದೆ ಒರೆಸುತ್ತಾರೆ. ಅದರಲ್ಲಿ ಏನೂ ಬರಲ್ಲವಲ್ಲ ಎಂದು ಒಮ್ಮೆ ಕೇಳಿದೆವು. "ಅದೂ ಅವಳದೇ ಅಲ್ವೇನೋ" ಎಂದು ಬಟ್ಟೆ ಹಿಂಡಿದರು.